ಸಂಕೇತವೂ ಸಾಕ್ಷ್ಯವೂ: ಕ್ಷಯಪರೀಕ್ಷೆಯ ಚರಿತ್ರೆಯಲ್ಲಿ ಇಂಟರ್‌ಫೆರಾನ್-ಗಾಮಾ

೧. ಪೀಠಿಕೆ

ಮೈಸೂರು ಸೀಮೆಯ ಜನಜೀವನದ ಚರಿತ್ರೆಯನ್ನು ಬರೆಯಹೊರಟವರು ಕ್ಷಯರೋಗದ ಪ್ರಸ್ತಾಪವನ್ನು ಬಿಟ್ಟು ಮುಂದೆ ಸಾಗುವಂತಿಲ್ಲ. ಅರಮನೆಯೆಂದು ಅಂಜದೆ, ಗುಡಿಸಲೆಂದು ಕನಿಕರಿಸದೆ ಈ ವ್ಯಾಧಿಯು ಎರಡನ್ನೂ ಹೊಕ್ಕಿತು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಇದಕ್ಕೆ ತುತ್ತಾದರು. ಅವರ ಸ್ಮಾರಕವಾಗಿ ಮೈಸೂರಿನಲ್ಲಿ ಸ್ಥಾಪಿತವಾದ ಕ್ಷಯರೋಗ ಆರೋಗ್ಯಧಾಮವು ಇಂದಿಗೂ ಅವರ ಹೆಸರನ್ನೇ ಹೊತ್ತಿದೆ. ಕಪಿಲೆಯ ದಡದ ನಂಜನಗೂಡು, ಕಾವೇರಿ-ಕಪಿಲಾ ಸಂಗಮದ ತಿರುಮಕೂಡಲು ನರಸೀಪುರ, ತ್ರಿಪುರಸುಂದರಿಯ ಸನ್ನಿಧಿಯಾದ ಮೂಗೂರು ಮೊದಲಾದ ಊರುಗಳಲ್ಲಿ ಹಿರಿಯರು ಈ ರೋಗದ ಹೆಸರನ್ನು ಗಟ್ಟಿಯಾಗಿ ಉಚ್ಚರಿಸಲು ಹಿಂಜರಿಯುವುದು ಈಗಲೂ ಉಂಟು. ಒಂದು ಮನೆಯಲ್ಲಿ ಒಬ್ಬರಿಗೆ ಕ್ಷಯ ಬಂದಿತೆಂದರೆ ಆ ಮನೆಗೆ ಹೆಣ್ಣು ಕೊಡುವ, ಆ ಮನೆಯಿಂದ ಹೆಣ್ಣು ತರುವ ಮಾತೇ ನಿಂತುಹೋಗುತ್ತಿತ್ತು.

ಆಸ್ಪತ್ರೆಗಳ ಸ್ಥಾಪನೆ, ದಾನಿಗಳ ಔದಾರ್ಯ, ಸರ್ಕಾರದ ಆಜ್ಞೆಗಳು, ಇವುಗಳ ವೃತ್ತಾಂತವು ಚರಿತ್ರೆಯ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಆದರೆ ಇವೆಲ್ಲಕ್ಕೂ ಹಿಂದೆ ಇನ್ನೊಂದು ಪ್ರಶ್ನೆಯಿದೆ. ಕೆಮ್ಮಿಲ್ಲದೆ, ಜ್ವರವಿಲ್ಲದೆ, ಹೊಲಗೆಲಸ ಮಾಡಿಕೊಂಡು ಸುಖವಾಗಿರುವ ಮನುಷ್ಯನೊಬ್ಬನ ದೇಹವನ್ನು ಕ್ಷಯಾಣುವು ಹೊಕ್ಕಿದೆಯೆಂದು ವೈದ್ಯರು ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಹಿಂದೆ ದೊರೆಯುತ್ತಿದ್ದ ಉತ್ತರವು ತೋಳಿನ ಮೇಲೆ ಏಳುವ ಒಂದು ಬಾವು. ಇಂದು ದೊರೆಯುವ ಉತ್ತರವು ರಕ್ತದಲ್ಲಿ ಅಳೆಯಲ್ಪಡುವ ಒಂದು ಪ್ರೋಟೀನು. ಆ ಪ್ರೋಟೀನಿನ ಹೆಸರು ಇಂಟರ್‌ಫೆರಾನ್-ಗಾಮಾ. ಅದನ್ನು ಅಳೆಯಲು ಬೇಕಾದ ಅಳತೆಗೋಲೂ ಅದೇ ಪ್ರೋಟೀನೇ. ಆದರೆ ಮನುಷ್ಯದೇಹದಲ್ಲಿ ಹುಟ್ಟಿದುದಲ್ಲ, ಪ್ರಯೋಗಶಾಲೆಯಲ್ಲಿ ಸೂಕ್ಷ್ಮಜೀವಿಗಳಿಂದ ಮಾಡಿಸಿದುದು. ಈ ದ್ರವ್ಯವು ಏನು, ಅದನ್ನು ಪಡೆದ ಬಗೆ ಯಾವುದು, ಅದು ನುಡಿಯುವ ಸಾಕ್ಷ್ಯಕ್ಕೆ ಎಷ್ಟು ಬೆಲೆ ಎಂಬುದನ್ನು ಪ್ರಕೃತ ಲೇಖನದಲ್ಲಿ ನಾವು ವಿವರಿಸಲಿದ್ದೇವೆ.

೨. ತೋಳಿನ ಮೇಲಿನ ಬಾವು

ಕ್ಷಯಾಣುವನ್ನು ಕಂಡುಹಿಡಿದ ಸಂಗತಿಯನ್ನು ಜರ್ಮನಿಯ ರಾಬರ್ಟ್ ಕೋಖ್ ಪ್ರಕಟಿಸಿದುದು ೧೮೮೨ರ ಮಾರ್ಚ್ ೨೪ರಂದು. ಎಂಟು ವರ್ಷಗಳ ತರುವಾಯ ಆತನು ಆ ಅಣುಗಳಿಂದ ತೆಗೆದ ಸಾರವೊಂದನ್ನು ಟ್ಯುಬರ್ಕ್ಯುಲಿನ್ ಎಂದು ಕರೆದು, ಅದು ರೋಗವನ್ನು ಗುಣಪಡಿಸುವುದೆಂದು ಸಾರಿದನು. ಔಷಧವಾಗಿ ಅದು ವಿಫಲವಾಯಿತು. ಆದರೆ ಅದರಲ್ಲಿ ಒಂದು ವಿಶೇಷವಿತ್ತು. ಕ್ಷಯಾಣುವಿನ ಸೋಂಕು ತಗುಲಿದವರ ಚರ್ಮದೊಳಕ್ಕೆ ಈ ಸಾರದ ಒಂದು ತೊಟ್ಟನ್ನು ಸೇರಿಸಿದರೆ ಎರಡು ಮೂರು ದಿವಸಗಳಲ್ಲಿ ಅಲ್ಲಿ ಗಟ್ಟಿಯಾದ ಬಾವು ಏಳುತ್ತಿತ್ತು. ಸೋಂಕು ತಗುಲದವರಲ್ಲಿ ಏಳುತ್ತಿರಲಿಲ್ಲ. ೧೯೦೮ರಲ್ಲಿ ಫ್ರಾನ್ಸಿನ ಷಾರ್ಲ್ ಮಾಂಟೂ ಎಂಬ ವೈದ್ಯನು ಇದನ್ನು ಸೂಜಿಯಿಂದ ಚರ್ಮದ ಪದರದೊಳಗೆ ಕೊಡುವ ಕ್ರಮವನ್ನು ರೂಢಿಗೆ ತಂದನು. ಇದೇ ಇಂದಿಗೂ ಆತನ ಹೆಸರಿನಲ್ಲಿ ನಡೆದಿರುವ ಮಾಂಟೂ ಪರೀಕ್ಷೆ.

ಸ್ವತಂತ್ರ ಭಾರತದಲ್ಲಿ ಈ ಪರೀಕ್ಷೆಯು ಹಳ್ಳಿಹಳ್ಳಿಗೂ ಬಂದುದು ಬಿ.ಸಿ.ಜಿ. ಚಳವಳಿಯೊಡನೆ. ಬಿ.ಸಿ.ಜಿ. ಎಂಬುದು ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಎಂಬುವರು ದನಗಳ ಕ್ಷಯಾಣುವನ್ನು ದುರ್ಬಲಗೊಳಿಸಿ ತಯಾರಿಸಿದ ಲಸಿಕೆ. ಮನುಷ್ಯರಿಗೆ ಅದನ್ನು ಮೊದಲು ಕೊಟ್ಟುದು ೧೯೨೧ರಲ್ಲಿ. ಭಾರತದಲ್ಲಿ ೧೯೪೮ರಲ್ಲಿ ಮದರಾಸಿನ ಗಿಂಡಿಯಲ್ಲಿ ಇದರ ತಯಾರಿಕೆ ಪ್ರಾರಂಭವಾಯಿತು. ೧೯೫೧ರಿಂದ ಲಸಿಕೆಯ ಸಾರ್ವಜನಿಕ ಚಳವಳಿ ನಡೆಯಿತು. ೧೯೫೫ರಲ್ಲಿ ಚಕ್ರವರ್ತಿ ರಾಜಗೋಪಾಲಾಚಾರಿಯವರು ಇದನ್ನು ಬಹಿರಂಗವಾಗಿ ವಿರೋಧಿಸಿದುದರಿಂದ ದೇಶದಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಆ ಕಾಲದಲ್ಲಿ ತಂಡದವರು ಒಂದು ಊರಿಗೆ ಎರಡು ಸಲ ಬರಬೇಕಾಗಿತ್ತು. ಮೊದಲ ಸಲ ಟ್ಯುಬರ್ಕ್ಯುಲಿನ್ ಕೊಡುವುದು. ಮೂರು ದಿವಸಗಳಾದ ಮೇಲೆ ಮತ್ತೆ ಬಂದು ಬಾವನ್ನು ಅಳೆದು, ಬಾವು ಏಳದವರಿಗೆ ಮಾತ್ರ ಲಸಿಕೆ ಹಾಕುವುದು. ಎರಡನೆಯ ಸಲ ಸಂತೆಗೋ ಜಾತ್ರೆಗೋ ಹೋದವರು ಲೆಕ್ಕಕ್ಕೆ ಸಿಗುತ್ತಿರಲಿಲ್ಲ.

ಬೆಂಗಳೂರಿನಲ್ಲಿ ೧೯೫೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಈ ಪರೀಕ್ಷೆಯನ್ನು ಶಾಸ್ತ್ರೀಯವಾದ ಸಮೀಕ್ಷೆಯ ಸಾಧನವನ್ನಾಗಿ ಮಾಡಿಕೊಂಡಿತು. ಬೆಂಗಳೂರು ಜಿಲ್ಲೆಯ ೧೧೯ ಹಳ್ಳಿಗಳಲ್ಲಿ ೧೯೬೧ರಿಂದ ೧೯೬೮ರವರೆಗೆ ಸಂಸ್ಥೆಯವರು ಮನೆಮನೆಗೂ ಹೋಗಿ ಮತ್ತೆ ಮತ್ತೆ ಪರೀಕ್ಷಿಸಿದರು. ಮೊದಲ ಸಮೀಕ್ಷೆಯಲ್ಲಿ ಕಫದಲ್ಲಿ ಕ್ಷಯಾಣು ಕಂಡುಬಂದ ರೋಗಿಗಳ ಪೈಕಿ ಸುಮಾರು ಅರ್ಧದಷ್ಟು ಮಂದಿ ಐದು ವರ್ಷಗಳೊಳಗೆ ತೀರಿಕೊಂಡಿದ್ದರು. ಕ್ಷಯವು ನಮ್ಮ ಗ್ರಾಮಗಳಲ್ಲಿ ತನ್ನ ಪಾಡಿಗೆ ಬಿಟ್ಟರೆ ಏನು ಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇಕಿಲ್ಲ.

ಆದರೆ ಬಾವಿನ ಸಾಕ್ಷ್ಯದಲ್ಲಿ ಮೂರು ಕುಂದುಗಳಿದ್ದುವು. ಟ್ಯುಬರ್ಕ್ಯುಲಿನ್ ಎಂಬುದು ಒಂದೇ ವಸ್ತುವಲ್ಲ, ಹಲವು ಪ್ರೋಟೀನುಗಳ ಮಿಶ್ರಣ. ಅವುಗಳಲ್ಲಿ ಕೆಲವು ಬಿ.ಸಿ.ಜಿ. ಅಣುವಿನಲ್ಲಿಯೂ, ಮಣ್ಣು ನೀರುಗಳಲ್ಲಿರುವ ನಿರುಪದ್ರವಿಯಾದ ಇತರ ದಾಯಾದಿ ಅಣುಗಳಲ್ಲಿಯೂ ಇರುವುವು. ಆದುದರಿಂದ ಲಸಿಕೆ ಹಾಕಿಸಿಕೊಂಡವನಿಗೂ, ಕೆರೆಯ ನೀರಿನಲ್ಲಿ ದಾಯಾದಿ ಅಣುವಿನ ಸಂಪರ್ಕ ಪಡೆದವನಿಗೂ ಬಾವು ಏಳಬಹುದು. ದಕ್ಷಿಣ ಭಾರತದಲ್ಲಿ ಈ ತೊಡಕು ವಿಶೇಷವಾಗಿ ಕಂಡುಬಂದಿತು. ಎರಡನೆಯದಾಗಿ, ಬಾವನ್ನು ಬೆರಳಿನಿಂದ ಮುಟ್ಟಿ ಅಳೆಯುವವನ ಕೈ ಪಳಗಿರಬೇಕು. ಅಳೆಯುವವರು ಹತ್ತು, ಹದಿನೈದು ಮಿಲಿಮೀಟರುಗಳೆಂದು ತುಂಬುಸಂಖ್ಯೆಗೆ ವಾಲುವುದು ಎಲ್ಲ ದೇಶಗಳಲ್ಲಿಯೂ ಕಂಡುಬಂದ ದೋಷ. ಮೂರನೆಯದಾಗಿ, ಬಾವು ಏತಕ್ಕೆ ಏಳುವುದೆಂಬುದೇ ಬಹುಕಾಲ ಬಗೆಹರಿದಿರಲಿಲ್ಲ.

೩. ಸಂಕೇತದ್ರವ್ಯದ ಸ್ವರೂಪ

ಬಾವಿನ ಕಾರಣವನ್ನು ಅರಿಯುವ ಮೊದಲ ಹೆಜ್ಜೆಯನ್ನಿಟ್ಟವನು ಅಮೆರಿಕದ ಮೆರಿಲ್ ಚೇಸ್. ಸೋಂಕು ತಗುಲಿದ ಪ್ರಾಣಿಯ ರಕ್ತದ ತಿಳಿದ್ರವವನ್ನು ಮತ್ತೊಂದಕ್ಕೆ ಕೊಟ್ಟರೆ ಬಾವೇಳುವ ಗುಣವು ಅದರೊಡನೆ ಹೋಗುವುದಿಲ್ಲ. ಅದರ ಬಿಳಿಯ ಕಣಗಳನ್ನು ಕೊಟ್ಟರೆ ಹೋಗುತ್ತದೆ ಎಂದು ಆತನು ೧೯೪೫ರಲ್ಲಿ ತೋರಿಸಿದನು. ಎಂದರೆ, ಕ್ಷಯಾಣುವಿನ ನೆನಪು ಕಣಗಳಲ್ಲಿದೆ. ಆ ಕಣಗಳನ್ನು ಇಂದು ಟಿ-ಕೋಶಗಳೆಂದು ಕರೆಯುತ್ತಾರೆ.

ಇನ್ನು ಆ ಕಣಗಳು ಮಾಡುವುದೇನು? ನಮ್ಮ ಹಳ್ಳಿಗಳ ರೂಢಿಯೊಂದನ್ನು ಉದಾಹರಿಸಿದರೆ ವಿಷಯವು ಸುಲಭವಾಗುತ್ತದೆ. ಊರಿನಲ್ಲಿ ಹಬ್ಬ, ಜಾತ್ರೆ, ಕೆರೆಯ ಕೆಲಸ ಮುಂತಾದುವನ್ನು ಜನರಿಗೆ ತಿಳಿಸಲು ಡಂಗುರ ಹೊಡೆಸುತ್ತಿದ್ದರು. ಡಂಗುರದವನು ತಾನೇ ಕೆರೆಯ ಏರಿಯನ್ನು ಕಟ್ಟುವುದಿಲ್ಲ, ತಾನೇ ತೇರನ್ನು ಎಳೆಯುವುದಿಲ್ಲ. ಆತನ ಕೂಗನ್ನು ಕೇಳಿದ ಮನೆಗಳವರು ತಮ್ಮ ತಮ್ಮ ಪಾಲಿನ ಕೆಲಸಕ್ಕೆ ಹೊರಡುತ್ತಾರೆ. ಕೇಳಿಸದವನಿಗೆ ಡಂಗುರವು ಹೊಡೆದೂ ಹೊಡೆಯದಂತೆಯೇ ಸರಿ. ದೇಹದ ರಕ್ಷಣೆಯಲ್ಲಿಯೂ ಇಂಥ ಡಂಗುರದ ಏರ್ಪಾಡೊಂದಿದೆ. ಒಂದು ಕೋಶವು ಹೊರಚೆಲ್ಲುವ ಅತ್ಯಲ್ಪ ಪ್ರಮಾಣದ ಪ್ರೋಟೀನು ಮತ್ತೊಂದು ಕೋಶದ ಮೇಲ್ಮೈಯಲ್ಲಿರುವ ಗ್ರಾಹಕವೆಂಬ ರಚನೆಗೆ ತಗುಲಿ, ಆ ಕೋಶದ ನಡತೆಯನ್ನು ಬದಲಿಸುತ್ತದೆ. ಇಂಥ ಸಂಕೇತದ್ರವ್ಯಗಳಿಗೆ ಸೈಟೊಕೈನುಗಳೆಂದು ಹೆಸರು.

ಕ್ಷಯಾಣುವಿನ ವಿಷಯದಲ್ಲಿ ಈ ಏರ್ಪಾಡು ಬಹು ಮುಖ್ಯವಾದುದು. ದೇಹವನ್ನು ಹೊಕ್ಕ ಅಣುಗಳನ್ನು ನುಂಗುವುದು ಮಹಾಭಕ್ಷಕವೆಂಬ ಕೋಶಗಳ ಕೆಲಸ. ಕ್ಷಯಾಣುವಾದರೋ ನುಂಗಿದ ಕೋಶದ ಒಳಗೇ ಬದುಕಿ ಮನೆಮಾಡಿಕೊಳ್ಳುವ ಚಾತುರ್ಯವುಳ್ಳದ್ದು. ಹೀಗೆ ಒಳಗೆ ಅಣುವನ್ನಿಟ್ಟುಕೊಂಡು ನಿಷ್ಕ್ರಿಯವಾಗಿ ಕುಳಿತ ಮಹಾಭಕ್ಷಕಗಳನ್ನು ಎಚ್ಚರಿಸುವವರು ಟಿ-ಕೋಶಗಳು. ಎಚ್ಚರಿಸುವ ಮುಖ್ಯ ಸಂಕೇತವೇ ಇಂಟರ್‌ಫೆರಾನ್-ಗಾಮಾ. ಈ ಸಂಕೇತವು ತಲಪಿದೊಡನೆ ಮಹಾಭಕ್ಷಕವು ತನ್ನೊಳಗಿನ ಅಣುವನ್ನು ಕೊಲ್ಲತಕ್ಕ ರಾಸಾಯನಿಕಗಳನ್ನು ಸಿದ್ಧಪಡಿಸುತ್ತದೆ. ತೋಳಿನ ಮೇಲೆ ಟ್ಯುಬರ್ಕ್ಯುಲಿನ್ ಕೊಟ್ಟಾಗಲೂ ನಡೆಯುವುದು ಇದೇ. ಹಳೆಯ ವೈರಿಯ ಗುರುತು ಕಂಡ ಟಿ-ಕೋಶಗಳು ಈ ಪ್ರೋಟೀನನ್ನೂ ಇತರ ಸಂಕೇತದ್ರವ್ಯಗಳನ್ನೂ ಚೆಲ್ಲುತ್ತವೆ. ಆ ಕರೆಗೆ ಓಗೊಟ್ಟ ಕೋಶಗಳ ಗುಂಪೇ ಗಟ್ಟಿಯಾದ ಬಾವಾಗಿ ಕೈಗೆ ಸಿಗುತ್ತದೆ.

ಈ ಸಂಕೇತದ ಮಹತ್ವಕ್ಕೆ ಮನುಷ್ಯರಲ್ಲಿಯೇ ದೊರೆತ ಪ್ರಮಾಣವು ೧೯೯೬ರದು. ಮಾಲ್ಟಾ ದ್ವೀಪದ ಒಂದು ಕುಟುಂಬದ ಮಕ್ಕಳಲ್ಲಿಯೂ ಟುನೀಸಿಯ ದೇಶದ ಒಂದು ಮಗುವಿನಲ್ಲಿಯೂ ಇಂಟರ್‌ಫೆರಾನ್-ಗಾಮಾದ ಗ್ರಾಹಕವು ಹುಟ್ಟಿನಿಂದಲೇ ಕೆಟ್ಟಿದ್ದುದು ಆಗ ಪತ್ತೆಯಾಯಿತು. ಅಂಥ ಮಕ್ಕಳು, ಇತರರಿಗೆ ನಿರುಪದ್ರವಿಯಾದ ದಾಯಾದಿ ಅಣುಗಳಿಂದಲೂ, ಬಿ.ಸಿ.ಜಿ. ಲಸಿಕೆಯ ಅಣುವಿನಿಂದಲೂ ಪ್ರಾಣಾಂತಿಕವಾದ ರೋಗಕ್ಕೆ ಗುರಿಯಾಗುತ್ತಾರೆ. ಡಂಗುರವಿತ್ತು, ಕೇಳುವ ಕಿವಿಯಿರಲಿಲ್ಲ.

೪. ಶೋಧದ ಕ್ರಮ

ಇಂಟರ್‌ಫೆರಾನ್ ಎಂಬ ಹೆಸರು ಬಳಕೆಗೆ ಬಂದುದು ೧೯೫೭ರಲ್ಲಿ. ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಸಂಶೋಧನಾ ಸಂಸ್ಥೆಯಲ್ಲಿ ಕೆಲಸಮಾಡುತ್ತಿದ್ದ ಅಲಿಕ್ ಐಸಾಕ್ಸ್ ಮತ್ತು ಸ್ವಿಟ್ಜರ್ಲೆಂಡಿನ ಜೀನ್ ಲಿಂಡೆನ್‌ಮನ್ ಎಂಬುವರು ಕೋಳಿಮೊಟ್ಟೆಯ ಪೊರೆಯ ಚೂರುಗಳಿಗೆ ನಿಶ್ಶಕ್ತಗೊಳಿಸಿದ ಇನ್‌ಫ್ಲುಯೆಂಜ ವೈರಸ್ಸನ್ನು ಸೇರಿಸಿದರು. ಪೊರೆಯಿಂದ ಹೊರಬಂದ ಯಾವುದೋ ದ್ರವ್ಯವು ಹೊಸ ಪೊರೆಗಳಲ್ಲಿ ವೈರಸ್ಸು ಬೆಳೆಯುವುದನ್ನು ತಡೆಯಿತು. ಹೀಗೆ ಅಡ್ಡಬರುವ ದ್ರವ್ಯವಾದುದರಿಂದ ಅದಕ್ಕೆ ಆ ಹೆಸರು ಬಂದಿತು. ೧೯೬೫ರಲ್ಲಿ ಅಮೆರಿಕದ ಫ್ರೆಡೆರಿಕ್ ವೀಲಾಕ್ ಎಂಬ ವಿಜ್ಞಾನಿಯು, ವೈರಸ್ಸಿನ ಪ್ರಚೋದನೆಯಿಲ್ಲದೆ, ಹುರುಳಿಕಾಯಿಯ ಜಾತಿಯ ಬೀಜದಿಂದ ತೆಗೆದ ವಸ್ತುವೊಂದರಿಂದ ಕೆರಳಿದ ಮನುಷ್ಯರಕ್ತದ ಬಿಳಿಯ ಕಣಗಳು ಇಂಟರ್‌ಫೆರಾನನ್ನು ಹೋಲುವ ಮತ್ತೊಂದು ದ್ರವ್ಯವನ್ನು ಚೆಲ್ಲುವುವೆಂದು ವರದಿಮಾಡಿದನು. ಇದೇ ಮುಂದೆ ಇಂಟರ್‌ಫೆರಾನ್-ಗಾಮಾ ಎನಿಸಿಕೊಂಡಿತು. ಉಳಿದ ಇಂಟರ್‌ಫೆರಾನುಗಳು ಆಮ್ಲದಲ್ಲಿಯೂ ಕೆಡದೆ ಉಳಿಯುವುವು. ಇದು ಆಮ್ಲದಲ್ಲಿ ತನ್ನ ಶಕ್ತಿಯನ್ನು ಕಳೆದುಕೊಳ್ಳುವುದು. ಇದೇ ಅದರ ಪ್ರತ್ಯೇಕತೆಗೆ ದೊರೆತ ಮೊದಲ ಗುರುತುಗಳಲ್ಲೊಂದು.

ಆದರೆ ಸಂಶೋಧನೆಗೆ ಬೇಕಾದಷ್ಟು ದ್ರವ್ಯವನ್ನು ಪಡೆಯುವುದು ಬಹು ಕಷ್ಟವಾಗಿತ್ತು. ದಾನಿಗಳ ರಕ್ತದಿಂದ ಬಿಳಿಯ ಕಣಗಳನ್ನು ಬೇರ್ಪಡಿಸಿ, ಕೆರಳಿಸಿ, ಅವು ಚೆಲ್ಲಿದ ದ್ರವವನ್ನು ಸೋಸಬೇಕಾಗಿತ್ತು. ಲೀಟರುಗಟ್ಟಲೆ ರಕ್ತದಿಂದ ದೊರೆಯುತ್ತಿದ್ದುದು ಅತ್ಯಲ್ಪ. ಅದರಲ್ಲಿಯೂ ಇತರ ಸಂಕೇತದ್ರವ್ಯಗಳ ಬೆರಕೆ. ಬೆರಕೆಯಿದ್ದ ಮೇಲೆ, ಪ್ರಯೋಗದಲ್ಲಿ ಕಂಡ ಫಲವು ಯಾವ ದ್ರವ್ಯದಿಂದಾಯಿತೆಂದು ನಿರ್ಧರಿಸುವುದೆಂತು? ಒಂದೇ ಶಾಸನದ ಮೇಲೆ ಮೂವರು ಕೈಯಾಡಿಸಿದ್ದರೆ ಯಾವ ಸಾಲು ಯಾರದೆಂದು ಹೇಳಲಾಗದ ಕಷ್ಟದಂಥದೇ ಇದೂ.

೫. ಪುನಸ್ಸಂಯೋಜಿತ ಪ್ರೋಟೀನಿನ ತಯಾರಿಕೆ

ಈ ಕಷ್ಟವನ್ನು ಪರಿಹರಿಸಿದುದು ಜೀನುಗಳನ್ನು ಕತ್ತರಿಸಿ ಜೋಡಿಸುವ ವಿದ್ಯೆ. ೧೯೭೩ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬಾಯರ್ ಎಂಬುವರು ಒಂದು ಜೀವಿಯ ಜೀನನ್ನು ಮತ್ತೊಂದು ಜೀವಿಯೊಳಗೆ ಸೇರಿಸಿ ಅಲ್ಲಿ ಬೆಳೆಸುವ ಮಾರ್ಗವನ್ನು ತೋರಿದರು. ೧೯೭೮ರಲ್ಲಿ ಮನುಷ್ಯರ ಇನ್ಸುಲಿನ್ನನ್ನು ಈ ಮಾರ್ಗದಿಂದ ಪಡೆದರು. ೧೯೮೨ರಲ್ಲಿ ಪ್ಯಾಟ್ರಿಕ್ ಗ್ರೇ, ಡೇವಿಡ್ ಗೆಡ್ಡೆಲ್ ಮೊದಲಾದವರು ಇಂಟರ್‌ಫೆರಾನ್-ಗಾಮಾದ ಜೀನನ್ನು ಬ್ಯಾಕ್ಟೀರಿಯಕ್ಕೆ ಸೇರಿಸಿ, ಅದರಿಂದ ಆ ಪ್ರೋಟೀನನ್ನು ಮಾಡಿಸಿದುದನ್ನು ಪ್ರಕಟಿಸಿದರು. ಹೀಗೆ ಜೋಡಣೆಗೊಂಡ ಜೀನಿನಿಂದ ಹುಟ್ಟಿದ ಪ್ರೋಟೀನಿಗೆ ಪುನಸ್ಸಂಯೋಜಿತ ಪ್ರೋಟೀನು ಎಂದು ಹೆಸರು. ಕರ್ನಾಟಕದ ಓದುಗರಿಗೆ ಈ ವಿದ್ಯೆಯು ದೂರದ್ದಲ್ಲ: ಬೆಂಗಳೂರಿನ ಬಯೋಕಾನ್ ಸಂಸ್ಥೆಯವರು ೨೦೦೪ರಲ್ಲಿ ಮಾರುಕಟ್ಟೆಗೆ ತಂದ ಮನುಷ್ಯ ಇನ್ಸುಲಿನ್ ಇದೇ ಬಗೆಯ ಜೋಡಣೆಯಿಂದ, ಬ್ಯಾಕ್ಟೀರಿಯಕ್ಕೆ ಬದಲಾಗಿ ಒಂದು ಜಾತಿಯ ಯೀಸ್ಟಿನಲ್ಲಿ ಹುಟ್ಟಿದುದು.

ತಯಾರಿಕೆಯ ಕ್ರಮವನ್ನು ಸಂಗ್ರಹವಾಗಿ ಹೇಳುವುದಾದರೆ ಹೀಗೆ. ಕೆರಳಿದ ಟಿ-ಕೋಶದೊಳಗೆ ಪ್ರೋಟೀನನ್ನು ಕಟ್ಟಲು ಸಿದ್ಧವಾದ ಆಜ್ಞಾಪತ್ರವೊಂದಿರುತ್ತದೆ. ಅದನ್ನು ಕಿಣ್ವವೊಂದರ ನೆರವಿನಿಂದ ಡಿ.ಎನ್.ಎ. ರೂಪಕ್ಕೆ ಪ್ರತಿಮಾಡಿಕೊಳ್ಳುತ್ತಾರೆ. ಆ ಪ್ರತಿಯನ್ನು ಪ್ಲಾಸ್ಮಿಡ್ ಎಂಬ ಬಳೆಯಾಕಾರದ ಸಣ್ಣ ಡಿ.ಎನ್.ಎ.ಯೊಳಕ್ಕೆ ಸೇರಿಸಿ, ಅದನ್ನು ಇ. ಕೋಲೈ ಎಂಬ ಬ್ಯಾಕ್ಟೀರಿಯದೊಳಕ್ಕೆ ಹೊಗಿಸುತ್ತಾರೆ. ಅನುಕೂಲವಾದ ಬಿಸಿ ಮತ್ತು ಆಹಾರ ದೊರೆತರೆ ಈ ಬ್ಯಾಕ್ಟೀರಿಯವು ಸುಮಾರು ಇಪ್ಪತ್ತು ನಿಮಿಷಗಳಿಗೊಮ್ಮೆ ಇಮ್ಮಡಿಯಾಗುವುದು. ಸಾಕಷ್ಟು ಬೆಳೆದ ಮೇಲೆ ಮನುಷ್ಯರ ಜೀನು ಕೆಲಸಮಾಡುವಂತೆ ಪ್ರಚೋದಿಸಿದರೆ, ಬ್ಯಾಕ್ಟೀರಿಯದೊಳಗೆ ಆ ಪ್ರೋಟೀನು ತುಂಬಿಕೊಳ್ಳುತ್ತದೆ.

ಆದರೆ ಬ್ಯಾಕ್ಟೀರಿಯಕ್ಕೆ ಈ ಪ್ರೋಟೀನು ಪರಕೀಯ. ಅಲ್ಲಿ ಅದು ಸರಿಯಾಗಿ ಮಡಚಿಕೊಳ್ಳದೆ ಗಡ್ಡೆಗಟ್ಟುವುದುಂಟು. ಆಗ ಬ್ಯಾಕ್ಟೀರಿಯವನ್ನು ಒಡೆದು, ಗಡ್ಡೆಯನ್ನು ತೀವ್ರವಾದ ರಾಸಾಯನಿಕದಲ್ಲಿ ಕರಗಿಸಿ, ಆ ರಾಸಾಯನಿಕವನ್ನು ಮೆಲ್ಲಮೆಲ್ಲನೆ ತೆಗೆಯುತ್ತ ಬಂದರೆ ಪ್ರೋಟೀನಿನ ಎಳೆಯು ತನ್ನ ಸಹಜವಾದ ಆಕಾರಕ್ಕೆ ಮರಳುತ್ತದೆ. ಇಂಟರ್‌ಫೆರಾನ್-ಗಾಮಾದ ಒಂದು ಎಳೆಯಲ್ಲಿ ೧೪೩ ಅಮೈನೊ ಆಮ್ಲಗಳಿವೆ. ಅಂಥ ಎರಡು ಎಳೆಗಳು ತಲೆ-ಕಾಲು ತಿರುಗುಮುರುಗಾಗಿ ಹೆಣೆದುಕೊಂಡಾಗಲೇ ಅದಕ್ಕೆ ಕೆಲಸಮಾಡುವ ಶಕ್ತಿ. ಮನುಷ್ಯಕೋಶದಲ್ಲಿ ಹುಟ್ಟಿದ ಪ್ರೋಟೀನಿಗೆ ಸಕ್ಕರೆಯ ಕಣಗಳು ಅಂಟಿಕೊಂಡಿರುತ್ತವೆ. ಬ್ಯಾಕ್ಟೀರಿಯದಲ್ಲಿ ಹುಟ್ಟಿದುದಕ್ಕೆ ಇರುವುದಿಲ್ಲ. ಹೀಗಿದ್ದರೂ ಅದರ ಸಂಕೇತಶಕ್ತಿಗೆ ಲೋಪವಿಲ್ಲ. ಕೊನೆಗೆ ಅದನ್ನು ಹಲವು ಸಲ ಶೋಧಿಸಿ, ಹೆಪ್ಪುಗಟ್ಟಿಸಿ ಒಣಗಿಸಿ, ಸಣ್ಣ ಸೀಸೆಗಳಲ್ಲಿ ತುಂಬಿ ಶೀತದಲ್ಲಿಡುತ್ತಾರೆ. ಸೀಸೆಯ ಮೇಲೆ ‘ಸಂಶೋಧನೆಗೆ ಮಾತ್ರ’ ಎಂಬ ಎಚ್ಚರಿಕೆಯಿರುತ್ತದೆ. ಔಷಧವಾಗಿ ಕೊಡುವ ಇಂಟರ್‌ಫೆರಾನ್-ಗಾಮಾ ಬೇರೆಯೇ ಕಟ್ಟುಪಾಡುಗಳಿಗೆ ಒಳಪಟ್ಟುದು. ಅಮೆರಿಕದಲ್ಲಿ ಅದಕ್ಕೆ ೧೯೯೦ರಲ್ಲಿ ಅನುಮತಿ ದೊರೆತುದು ಕ್ಷಯಕ್ಕಾಗಿ ಅಲ್ಲ, ಮಹಾಭಕ್ಷಕವೇ ಮೊದಲಾದ ಕೋಶಗಳು ಹುಟ್ಟಿನಿಂದ ದುರ್ಬಲವಾಗಿರುವ ಒಂದು ವಿರಳ ರೋಗಕ್ಕಾಗಿ.

೬. ಶುದ್ಧತೆ ಮತ್ತು ಮಾನ

ಪ್ರಯೋಗಶಾಲೆಯಲ್ಲಿ ಈ ಸೀಸೆಯನ್ನು ತೆರೆಯುವವರು ಮೊದಲು ಕೇಳತಕ್ಕ ಪ್ರಶ್ನೆ ಎಂಡೊಟಾಕ್ಸಿನ್ ಎಷ್ಟಿದೆಯೆಂಬುದು. ಎಂಡೊಟಾಕ್ಸಿನ್ ಎಂಬುದು ಇ. ಕೋಲೈ ಬ್ಯಾಕ್ಟೀರಿಯದ ಹೊರಪೊರೆಯ ವಸ್ತು. ಅದು ತಾನಾಗಿಯೇ ಮಹಾಭಕ್ಷಕವನ್ನು ಕೆರಳಿಸಬಲ್ಲುದು. ಸೀಸೆಯಲ್ಲಿ ಅದರ ಲೇಶವುಳಿದರೂ, ಇಂಟರ್‌ಫೆರಾನಿನಿಂದ ಆಯಿತೆಂದು ನಾವು ತಿಳಿದ ಫಲವು ಕಲ್ಮಶದಿಂದ ಆದುದಾಗಿರಬಹುದು. ಆದುದರಿಂದ ಒಳ್ಳೆಯ ಪ್ರಯೋಗದಲ್ಲಿ ಇಂಟರ್‌ಫೆರಾನನ್ನು ಸೇರಿಸಿದ ಪಾತ್ರೆಯೊಡನೆ, ಅದರ ಶಕ್ತಿಯನ್ನು ಪ್ರತಿಕಾಯದಿಂದ ತಡೆದ ಮತ್ತೊಂದು ಪಾತ್ರೆಯನ್ನೂ ಇಡುತ್ತಾರೆ. ತಡೆದಾಗ ಫಲವು ನಿಂತರೆ ಮಾತ್ರ ಅದು ಇಂಟರ್‌ಫೆರಾನಿನ ಫಲ. ಮನುಷ್ಯರ ಇಂಟರ್‌ಫೆರಾನ್-ಗಾಮಾ ಇಲಿಯ ಕೋಶಗಳ ಮೇಲೆ ಕೆಲಸಮಾಡುವುದಿಲ್ಲವೆಂಬುದೂ ಇಲ್ಲಿ ಗಮನಾರ್ಹ. ಇಲಿಯ ಕೋಶಗಳಲ್ಲಿ ಫಲ ಕಂಡಿತೆಂದರೆ ಕಲ್ಮಶವನ್ನು ಶಂಕಿಸಬೇಕು.

ಎರಡನೆಯ ಪ್ರಶ್ನೆ ಮಾನದ್ದು. ತೂಕವೊಂದೇ ಸಾಲದು, ಕೆಟ್ಟ ಪ್ರೋಟೀನಿಗೂ ತೂಕವಿದೆ. ಆದುದರಿಂದ ಇಂಟರ್‌ಫೆರಾನನ್ನು ಅದರ ಶಕ್ತಿಯಿಂದ, ಅಂದರೆ ವೈರಸ್ಸಿನ ಹಾವಳಿಯಿಂದ ಕೋಶಗಳನ್ನು ಎಷ್ಟರಮಟ್ಟಿಗೆ ಕಾಪಾಡುವುದೆಂಬುದರಿಂದ, ಯೂನಿಟ್ಟುಗಳಲ್ಲಿ ಅಳೆಯುವುದು ರೂಢಿ. ಎಲ್ಲರ ಯೂನಿಟ್ಟೂ ಒಂದೇ ಆಗಿರಲೆಂದು ಅಂತರರಾಷ್ಟ್ರೀಯ ಮಾದರಿಯೊಂದನ್ನು ಇಟ್ಟುಕೊಂಡು ಅದಕ್ಕೆ ಹೋಲಿಸುತ್ತಾರೆ. ಸಂತೆಯ ವ್ಯಾಪಾರಿಯ ಸೇರು ಪಾವುಗಳಿಗೆ ಸರ್ಕಾರದ ಮುದ್ರೆ ಬೀಳಬೇಕಾಗಿದ್ದುದೂ ಇದೇ ಕಾರಣದಿಂದ. ಒಂದು ಮಿಲಿಗ್ರಾಂ ಶುದ್ಧ ಇಂಟರ್‌ಫೆರಾನ್-ಗಾಮಾದಲ್ಲಿ ಸುಮಾರು ಎರಡು ಕೋಟಿ ಅಂತರರಾಷ್ಟ್ರೀಯ ಯೂನಿಟ್ಟುಗಳಿರುತ್ತವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಈ ಸಂಕೇತವು ಕೋಶಗಳಲ್ಲಿ ಉಂಟುಮಾಡುವ ಬದಲಾವಣೆಗಳನ್ನು ಕುರಿತು ಸಂಶೋಧನೆ ನಡೆದಿದೆ. ಅಂಥ ಸಂಶೋಧನೆಗೆ ಮುದ್ರೆಬಿದ್ದ ಅಳತೆಯ, ಬೆರಕೆಯಿಲ್ಲದ ದ್ರವ್ಯವೇ ಆಧಾರ.

೭. ರಕ್ತದ ಪರೀಕ್ಷೆ

ಅಳತೆಗೋಲು ದೊರೆತ ಮೇಲೆ ತೋಳಿನ ಬಾವನ್ನು ಬಿಟ್ಟು ಸಂಕೇತವನ್ನೇ ನೇರವಾಗಿ ಅಳೆಯುವುದು ಸಾಧ್ಯವಾಯಿತು. ಅದಕ್ಕೆ ಇನ್ನೊಂದು ಶೋಧವೂ ಕೂಡಿಬಂದಿತು. ೧೯೯೬ರಲ್ಲಿ, ಬಿ.ಸಿ.ಜಿ. ಅಣುವಿನಲ್ಲಿ ಕಳೆದುಹೋಗಿರುವ ಜೀನುಗಳ ಭಾಗವೊಂದು ಗೊತ್ತಾಯಿತು. ಇಸ್ಯಾಟ್-೬ ಮತ್ತು ಸಿ.ಎಫ್.ಪಿ.-೧೦ ಎಂಬ ಎರಡು ಪ್ರೋಟೀನುಗಳ ಜೀನುಗಳು ಆ ಭಾಗದಲ್ಲಿವೆ. ಇವು ಕ್ಷಯಾಣುವಿನಲ್ಲಿವೆ, ಲಸಿಕೆಯ ಅಣುವಿನಲ್ಲಿಲ್ಲ, ಮಣ್ಣುನೀರಿನ ಹೆಚ್ಚಿನ ದಾಯಾದಿಗಳಲ್ಲಿಯೂ ಇಲ್ಲ. ಟ್ಯುಬರ್ಕ್ಯುಲಿನಿನ ಮಿಶ್ರಣಕ್ಕೆ ಬದಲಾಗಿ ಇವನ್ನು ಬಳಸಿದರೆ ಲಸಿಕೆಯ ತೊಡಕು ತಪ್ಪುವುದು.

ಪರೀಕ್ಷೆಯ ಕ್ರಮವು ಸರಳವಾದುದು. ರಕ್ತವನ್ನು ಒಂದೊಂದು ಮಿಲಿಲೀಟರಿನಂತೆ ಕೊಳವೆಗಳಿಗೆ ಹಾಕುತ್ತಾರೆ. ಒಂದು ಕೊಳವೆಯಲ್ಲಿ ಏನೂ ಇರುವುದಿಲ್ಲ; ಒಂದರಲ್ಲಿ ಎಲ್ಲ ಟಿ-ಕೋಶಗಳನ್ನೂ ಕೆರಳಿಸುವ ವಸ್ತುವಿರುತ್ತದೆ; ಉಳಿದುದರಲ್ಲಿ ಮೇಲ್ಕಂಡ ಕ್ಷಯಾಣುವಿನ ಪ್ರೋಟೀನುಗಳ ತುಣುಕುಗಳಿರುತ್ತವೆ. ಇವನ್ನು ದೇಹದ ಬಿಸಿಯಲ್ಲಿ ೧೬ರಿಂದ ೨೪ ಗಂಟೆಗಳ ಕಾಲ ಇಟ್ಟು, ತಿಳಿದ್ರವದಲ್ಲಿ ಎಷ್ಟು ಇಂಟರ್‌ಫೆರಾನ್-ಗಾಮಾ ಸೇರಿದೆಯೆಂದು ಪ್ರತಿಕಾಯ ಮತ್ತು ಬಣ್ಣ ಬರಿಸುವ ಕಿಣ್ವದ ನೆರವಿನಿಂದ ನೋಡುತ್ತಾರೆ. ಪಕ್ಕದಲ್ಲಿ ಗೊತ್ತಾದ ಅಳತೆಗಳ ಪುನಸ್ಸಂಯೋಜಿತ ಇಂಟರ್‌ಫೆರಾನನ್ನೂ ಅದೇ ಕ್ರಮಕ್ಕೆ ಒಳಪಡಿಸಿ, ಬಣ್ಣಕ್ಕೆ ಬಣ್ಣವನ್ನು ಹೋಲಿಸಿ ಮಾನವನ್ನು ನಿರ್ಣಯಿಸುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆಯಲ್ಲಿ, ಬರಿಯ ಕೊಳವೆಯ ಮಾನವನ್ನು ಕಳೆದು ಮಿಲಿಲೀಟರಿಗೆ ೦.೩೫ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಸೋಂಕು ಇದೆಯೆಂದು ಎಣಿಸುತ್ತಾರೆ. ತೂಕದಲ್ಲಿ ಹೇಳುವುದಾದರೆ ಇದು ಒಂದು ಗ್ರಾಮನ್ನು ಸುಮಾರು ೫,೭೦೦ ಕೋಟಿ ಪಾಲುಮಾಡಿದಾಗ ಬರುವ ಒಂದು ಪಾಲು! ಇಷ್ಟು ಅಲ್ಪವಾದ ವಸ್ತುವಿನ ಬಗೆಗೆ ತೀರ್ಪು ಕೊಡಬೇಕಾದರೆ ಅಳತೆಗೋಲು ಎಷ್ಟು ನಿಷ್ಕೃಷ್ಟವಾಗಿರಬೇಕೆಂಬುದನ್ನು ಓದುಗರೇ ಊಹಿಸಬಹುದು.

ಚರ್ಮಪರೀಕ್ಷೆಗಿಂತ ಇದರಲ್ಲಿ ಒಂದು ಅನುಕೂಲವುಂಟು. ಬಾವನ್ನು ತೋರಿಸಲು ಮೂರನೆಯ ದಿವಸ ಮತ್ತೆ ಬರಬೇಕಾಗಿಲ್ಲ. ಒಂದು ಅನನುಕೂಲವೂ ಉಂಟು. ರಕ್ತವನ್ನು ತೆಗೆದ ೧೬ ಗಂಟೆಗಳೊಳಗೆ ಅದನ್ನು ಬಿಸಿಯ ಪೆಟ್ಟಿಗೆಗೆ ಸೇರಿಸಬೇಕು. ಕೋಶಗಳು ಸತ್ತರೆ ಸಾಕ್ಷಿಯೇ ಸತ್ತಂತೆ. ಮೂಗೂರಿನಂಥ ಊರಿಗೆ ಮೈಸೂರು ನಗರವು ಹತ್ತಿರವಿರುವುದರಿಂದ ಇದು ದುಸ್ಸಾಧ್ಯವಲ್ಲ. ಕಾಡಂಚಿನ ಹಾಡಿಗಳಿಗೆ ಸುಲಭವೂ ಅಲ್ಲ. ಆದುದರಿಂದಲೇ ಆ ಎರಡು ಪ್ರೋಟೀನುಗಳನ್ನು ಪುನಸ್ಸಂಯೋಜಿತ ರೂಪದಲ್ಲಿ ಚರ್ಮದೊಳಕ್ಕೆ ಕೊಡುವ ಹೊಸ ಪರೀಕ್ಷೆಗೆ ೨೦೨೨ರಲ್ಲಿ ಭಾರತದಲ್ಲಿ ಅನುಮತಿ ದೊರೆಯಿತು. ತೋಳಿನ ಬಾವು ಹೀಗೆ ಹೊಸ ನಿಷ್ಕೃಷ್ಟತೆಯೊಡನೆ ಮರಳಿ ಬಂದಂತಾಯಿತು.

೮. ಸಾಕ್ಷ್ಯದ ಮಿತಿ

೨೦೧೯-೨೦೨೧ರಲ್ಲಿ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ, ೧೫ ವರ್ಷಕ್ಕೆ ಮೇಲ್ಪಟ್ಟವರ ಪೈಕಿ ಶೇಕಡ ೩೧.೩ ಮಂದಿಯಲ್ಲಿ ಈ ರಕ್ತಪರೀಕ್ಷೆಯು ಸೋಂಕನ್ನು ತೋರಿಸಿತು. ಅದೇ ಸಮೀಕ್ಷೆಯಲ್ಲಿ ಶ್ವಾಸಕೋಶದ ಕ್ಷಯವು ದೃಢಪಟ್ಟವರು ಲಕ್ಷಕ್ಕೆ ೩೧೬ ಮಂದಿ. ಈ ಎರಡು ಸಂಖ್ಯೆಗಳ ನಡುವಣ ಅಂತರವನ್ನು ಮನಸ್ಸಿನಲ್ಲಿಡದೆ ಪರೀಕ್ಷೆಯ ಫಲವನ್ನು ಓದತಕ್ಕುದಲ್ಲ. ಮೂವರಲ್ಲಿ ಸುಮಾರು ಒಬ್ಬರ ಟಿ-ಕೋಶಗಳು ಕ್ಷಯಾಣುವನ್ನು ಬಲ್ಲವು; ಅವರಲ್ಲಿ ಬಹು ಮಂದಿ ರೋಗಿಗಳಲ್ಲ. ಸೋಂಕು ತಗುಲಿದವರಲ್ಲಿ ಜೀವಮಾನದಲ್ಲಿ ರೋಗಕ್ಕೆ ಬೀಳುವವರು ನೂರಕ್ಕೆ ಐದರಿಂದ ಹತ್ತು ಮಂದಿ ಮಾತ್ರ. ಯಾರು ಬೀಳುವರೆಂಬುದನ್ನು ಈ ಸಂಕೇತವು ಹೇಳಲಾರದು. ಈಗಾಗಲೇ ರೋಗಿಯಾದವನನ್ನು ಬರಿಯ ಸೋಂಕಿನವನಿಂದ ಬೇರ್ಪಡಿಸಿಯೂ ತೋರಿಸದು. ಅದಕ್ಕೆ ಕಫದ ಪರೀಕ್ಷೆ, ಎಕ್ಸ್‌-ರೇಗಳೇ ಬೇಕು.

ಇದಕ್ಕೆ ವಿರುದ್ಧವಾದ ಭ್ರಾಂತಿಯೂ ಉಂಟು. ಸಂಕೇತವು ಕ್ಷಯಾಣುವನ್ನು ಕೊಲ್ಲುವ ಕೆಲಸಕ್ಕೆ ಕರೆಯುವುದಾದರೆ, ಅದು ಹೆಚ್ಚಾಗಿದ್ದವನು ಸುರಕ್ಷಿತನಲ್ಲವೆ ಎಂದು ಕೇಳಬಹುದು. ಅಲ್ಲ. ಚೆಂಗಲ್ಪಟ್ಟು ಜಿಲ್ಲೆಯಲ್ಲಿ ೧೯೬೮ರಲ್ಲಿ ಪ್ರಾರಂಭವಾದ ಬಿ.ಸಿ.ಜಿ.ಯ ಮಹಾಪ್ರಯೋಗವು ಇದಕ್ಕೆ ನಿದರ್ಶನ. ಲಸಿಕೆಯು ಚರ್ಮಪರೀಕ್ಷೆಯಲ್ಲಿ ಬಾವನ್ನು ಎಬ್ಬಿಸಿತು. ಆದರೆ ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಅಲ್ಲಿ ತಡೆಯಲಿಲ್ಲ. ಮಕ್ಕಳಲ್ಲಿ ಮೆದುಳಿನ ಪೊರೆಗೆ ತಗಲುವ ಕ್ಷಯವೇ ಮೊದಲಾದ ಘೋರರೂಪಗಳನ್ನು ತಡೆಯುವುದರಿಂದ ಲಸಿಕೆಯನ್ನು ಇಂದಿಗೂ ಕೊಡುತ್ತಿದ್ದಾರೆ. ಡಂಗುರ ಹೊಡೆದ ಮಾತ್ರಕ್ಕೆ ಕೆರೆಯ ಏರಿ ನಿಂತಿತೆಂದು ಹೇಳಲಾಗದಷ್ಟೆ. ಅಂತೆಯೇ ಡಂಗುರ ಕೇಳಿಸಲಿಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದೂ ಅಲ್ಲ. ಎಚ್.ಐ.ವಿ. ಮೊದಲಾದುವುಗಳಿಂದ ಟಿ-ಕೋಶಗಳು ಕುಗ್ಗಿದವರಲ್ಲಿ ಸೋಂಕಿದ್ದರೂ ಸಂಕೇತವು ಹೊರಡದಿರಬಹುದು. ಎಲ್ಲ ಟಿ-ಕೋಶಗಳನ್ನೂ ಕೆರಳಿಸುವ ಆ ಮತ್ತೊಂದು ಕೊಳವೆಯನ್ನಿಡುವುದು ಇದಕ್ಕಾಗಿಯೇ. ಅದರಲ್ಲಿಯೂ ಸಂಕೇತ ಕಾಣದಿದ್ದರೆ ‘ಸೋಂಕಿಲ್ಲ’ ಎಂದು ಹೇಳದೆ ‘ತೀರ್ಮಾನವಿಲ್ಲ’ ಎಂದು ಹೇಳುತ್ತಾರೆ.

೯. ಉಪಸಂಹಾರ

ಈ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು ಸಂಶೋಧಕರಿಗೆ ಸಂಬಂಧಿಸಿದುದು. ಬಿ.ಸಿ.ಜಿ. ಚಳವಳಿಯ ಕಾಲದ ಲೆಕ್ಕಪತ್ರಗಳಲ್ಲಿ ಬರುವ ‘ಸೋಂಕು ತಗುಲಿದವರು’ ಎಂಬ ಎಣಿಕೆಯನ್ನು ಇಂದಿನ ರಕ್ತಪರೀಕ್ಷೆಯ ಎಣಿಕೆಯೊಡನೆ ಪಕ್ಕಪಕ್ಕದಲ್ಲಿಟ್ಟು, ಸೋಂಕು ಏರಿತು ಇಳಿಯಿತು ಎಂದು ಹೇಳುವುದು ಯುಕ್ತವಲ್ಲ. ಎರಡೂ ಒಂದೇ ಕೂಗಿನ ಸಾಕ್ಷ್ಯವಾದರೂ, ಒಂದು ಬೆರಕೆಯ ಪ್ರಚೋದನೆಗೆ ಎದ್ದ ಬಾವಿನ ಮಿಲಿಮೀಟರು, ಮತ್ತೊಂದು ನಿರ್ದಿಷ್ಟ ಪ್ರಚೋದನೆಗೆ ಹೊರಟ ಪ್ರೋಟೀನಿನ ಯೂನಿಟ್ಟು. ಹಳೆಯ ಸೇರಿಗೂ ಹೊಸ ಕಿಲೋಗ್ರಾಮಿಗೂ ಲೆಕ್ಕ ಹೊಂದಿಸದೆ ಧಾರಣೆಯ ಚರಿತ್ರೆಯನ್ನು ಬರೆಯಲಾಗದೆಂಬುದು ನಮ್ಮ ಶಾಸ್ತ್ರದಲ್ಲಿ ಬಾಲಪಾಠ. ಆರೋಗ್ಯದ ಚರಿತ್ರೆಗೂ ಅದೇ ನಿಯಮ.

ಎರಡನೆಯದು ಹೆಚ್ಚು ತುರ್ತಿನದು. ೨೦೨೧ರಿಂದ ನಮ್ಮ ದೇಶದ ಕ್ಷಯ ನಿವಾರಣಾ ಕಾರ್ಯಕ್ರಮವು, ಶ್ವಾಸಕೋಶದ ಕ್ಷಯರೋಗಿಯ ಮನೆಯಲ್ಲಿರುವ ಎಲ್ಲ ವಯಸ್ಸಿನವರಿಗೂ, ರೋಗವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಮುನ್ನೆಚ್ಚರಿಕೆಯ ಔಷಧ ಕೊಡುವ ಕ್ರಮವನ್ನು ವಿಸ್ತರಿಸಿದೆ. ಇಂಥ ಪರೀಕ್ಷೆಗಳ ಚೀಟಿಗಳು ಮುಂದೆ ಹಳ್ಳಿಯ ಮನೆಗಳಿಗೂ ಹೆಚ್ಚಾಗಿ ಬರಲಿವೆ. ಅದರ ಮೇಲೆ ‘ಪಾಸಿಟಿವ್’ ಎಂದು ಬರೆದಿರುವ ಹೆಣ್ಣುಮಗಳನ್ನು ರೋಗಿಯೆಂದು ಕರೆದು ಸಂಬಂಧವನ್ನು ಮುರಿಯುವುದು ಅಜ್ಞಾನವೂ ಅನ್ಯಾಯವೂ ಆಗುತ್ತದೆ. ಆಕೆಯ ರಕ್ತಕಣಗಳು ಎಂದೋ ಒಂದು ವೈರಿಯನ್ನು ಕಂಡಿವೆ, ಅದರ ಗುರುತನ್ನು ಮರೆತಿಲ್ಲ ಎಂಬುದಷ್ಟೇ ಆ ಚೀಟಿಯ ಅರ್ಥ. ಕಫವನ್ನೂ ಎಕ್ಸ್‌-ರೇಯನ್ನೂ ನೋಡಿದ ಮೇಲೆ ವೈದ್ಯರು ಔಷಧವನ್ನು ಹೇಳಿದರೆ ಅದನ್ನು ತಪ್ಪದೆ ಮುಗಿಸುವುದು ಆಕೆಯ ಹಿತ. ಆಕೆಯನ್ನು ಬಹಿಷ್ಕರಿಸದಿರುವುದು ಊರಿನ ಕರ್ತವ್ಯ.